ತಿಮಿಂಗಿಲದ ದೋಣಿಗೆ ಎಂಟು ಪಾಲು

ಆಲ್ಟ್‌ಫೆಲ್ಡ್, ಮ್ಯಾನಿಟೋಬಾ
ಫೆಬ್ರವರಿ ೧೧, ೨೦೧೮

ಪ್ರೀತಿಯ ಮಾರ್ಲಿಸ್,

ಭಾನುವಾರ. ಚರ್ಚ್ ಮುಗಿಸಿ ಬಂದು ಬರೆಯುತ್ತಿದ್ದೇನೆ. ಹೊರಗೆ ಮೈನಸ್ ಇಪ್ಪತ್ತೊಂಬತ್ತು. ನಿನ್ನ ಮದುವೆ ಜುಲೈ ಹದಿನಾಲ್ಕಕ್ಕೆ, ಇಲ್ಲಿಯ ಚರ್ಚಿನಲ್ಲಿ. ಮರುದಿನ ಅದರ ನೆಲಮಾಳಿಗೆಯಲ್ಲಿ ಉಡುಗೊರೆ ಬಿಚ್ಚುವುದು. ಇಷ್ಟು ಗೊತ್ತಾಗಿದೆ. ಉಳಿದದ್ದು ಗೊತ್ತಾಗಿಲ್ಲ, ಅದಕ್ಕೇ ಈ ಕಾಗದ.

ನೀನು ಎಡ್ಮಂಟನ್ನಿನಿಂದ ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಯ ಯಂತ್ರಕ್ಕೆ ಸಿಗಲಿಲ್ಲ. ಸಿಕ್ಕಿದ ಅರ್ಧಕ್ಕೆ ನಾನು ಸಿಟ್ಟು ಮಾಡಿಕೊಂಡೆ. ಇನ್ನು ಮೇಲೆ ಮದುವೆಯ ವಿಷಯವನ್ನು ಕಾಗದದಲ್ಲೇ ಮಾತಾಡೋಣ.

ನನಗೆ ಅರ್ಥವಾದದ್ದು ಇದು. ಜನ ನಿಮಗೆ ಸಾಮಾನು ಕೊಡಬಾರದು. ಬದಲಿಗೆ ಇಂಟರ್‌ನೆಟ್ಟಿನಲ್ಲಿ ನಿಮ್ಮ ಮಧುಚಂದ್ರದ ಪಟ್ಟಿಯೊಂದು ಇರುತ್ತದೆ. ಒಬ್ಬರು ನಿಮ್ಮ ಊಟಕ್ಕೆ ಕೊಡಬೇಕು, ಇನ್ನೊಬ್ಬರು ಕೋಣೆಗೆ ಕೊಡಬೇಕು. ಪಕ್ಕದ ಮನೆಯ ನೆಟ್ಟಿ ಫುಂಕ್‌ಗೆ ಇದನ್ನು ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟು, “ಅಂದ್ರೆ ಅವರು ಮಲಗೋ ಹಾಸಿಗೆ ಬಾಡಿಗೆ ನಾನು ಕಟ್ಟೋದು, ಮಾರನೇ ದಿನ ಚರ್ಚಲ್ಲಿ ಅವರ ಮುಖ ನೋಡೋದು. ಚೆನ್ನಾಗಿದೆ ಕಣೇ ಜಸ್ಟೀನಾ” ಎಂದಳು.

ಮದುವೆಯ ಮರುದಿನ ಭಾನುವಾರ ಏನು ನಡೆಯುತ್ತದೆಂದು ನಿನಗೆ ಗೊತ್ತು. ನೀವಿಬ್ಬರೂ ಎಲ್ಲರ ಎದುರು ಕುರ್ಚಿ ಹಾಕಿಕೊಂಡು ಕೂರಬೇಕು. ಒಂದೊಂದೇ ಕಟ್ಟು ಬಿಚ್ಚಿ, ಎತ್ತಿ ತೋರಿಸಿ, ಕೊಟ್ಟವರ ಹೆಸರು ಹೇಳಬೇಕು. ಜನ ಬನ್ನು, ಚೀಸು, ಕಾಫಿ ಹಿಡಿದುಕೊಂಡು ನೋಡುತ್ತಿರುತ್ತಾರೆ. ಆಗ ನೀವು ಏನನ್ನು ಎತ್ತಿ ತೋರಿಸುತ್ತೀರಿ?

ಒಂದೇ ಪ್ರಶ್ನೆ, ನೇರವಾಗಿ ಉತ್ತರ ಬರೆ. ಈ ಯೋಚನೆ ಮೊದಲು ಯಾರ ಬಾಯಿಂದ ಬಂತು, ನಿನ್ನದೋ ನೀಲ್‌ನದೋ?

ಅಮ್ಮ

*

ಎಡ್ಮಂಟನ್
ಫೆಬ್ರವರಿ ೨೫, ೨೦೧೮

ಅಮ್ಮ,

ನೀಲ್‌ನ ಬಾಯಿಂದ ಬಂತು. ನನಗೂ ಹಿಡಿಸಿತು. ಎರಡೂ ನಿಜ.

ನನಗೆ ಮೂವತ್ತನಾಲ್ಕು, ಅವನಿಗೆ ಮೂವತ್ತೇಳು. ಈ ಎರಡು ಕೋಣೆಯ ಮನೆಯಲ್ಲಿ ಈಗಾಗಲೇ ಎರಡು ಮಿಕ್ಸರ್, ಎರಡು ಟೋಸ್ಟರ್, ಎರಡು ಇಸ್ತ್ರಿಪೆಟ್ಟಿಗೆ ಇವೆ. ನೀಲ್ ಕಪಾಟಿನ ಮುಂದೆ ನಿಂತು, “ನಿಮ್ಮೂರಿನ ಹೆಂಗಸರು ಸೇರಿ ಇನ್ನೊಂದು ಒಂಬತ್ತು ಸೂಪು ಪಾತ್ರೆ ತಂದ್ರೆ ನಾನು ಬಾಲ್ಕನೀಲಿ ಮಲಗ್ಬೇಕಾಗತ್ತೆ” ಅನ್ನುತ್ತಾನೆ. ನನಗೆ ನಗು ಬಂತು. ನಿನಗೆ ಬರುವುದಿಲ್ಲ, ಗೊತ್ತು.

ನಾವು ಇನ್ನೂ ಏನನ್ನೂ ನಿರ್ಧರಿಸಿಲ್ಲ. ಹೇಗೆ ಕಾಣುತ್ತದೆ ನೋಡೋಣವೆಂದು ಅವನು ಒಂದು ಸಂಜೆ ಕೂತು ಇಂಟರ್‌ನೆಟ್ಟಿನಲ್ಲಿ ಆ ಪಟ್ಟಿಯ ಪುಟ ಮಾಡಿದ. ವ್ಯಾಂಕೂವರ್ ದ್ವೀಪದ ಪಶ್ಚಿಮ ದಂಡೆ. ಕಡಲಿಗೆ ಮುಖಮಾಡಿದ ಮರದ ಮನೆ, ತಿಮಿಂಗಿಲ ನೋಡಲು ದೋಣಿ, ಬಿಸಿನೀರಿನ ಬುಗ್ಗೆಗೆ ನಡಿಗೆ, ಒಂದು ಏಡಿಯ ಊಟ. ಒಂದೊಂದಕ್ಕೂ ಎರಡೆರಡು ಸಾಲು ವಿವರಣೆ ಬರೆದ, ಎಲ್ಲೂ ತಡವರಿಸಲಿಲ್ಲ. ನಾನು ಇದುವರೆಗೆ ಕಡಲು ನೋಡಿಲ್ಲ, ಅಮ್ಮ. ಅದು ನಿನಗೂ ಗೊತ್ತು.

ಪುಟದ ವಿಳಾಸ ಕೆಳಗಿದೆ. ನೆಟ್ಟಿಯ ಟ್ಯಾಬ್ಲೆಟ್‌ನಲ್ಲಿ ಒಮ್ಮೆ ನೋಡು. ಬೇಡವೆಂದರೆ ಯಾಕೆ ಬೇಡ ಎಂದು ಬರೆ. ನಿನ್ನ ಉತ್ತರ ಬಂದ ಮೇಲೆ ತೀರ್ಮಾನ.

ಮಾರ್ಲಿಸ್

*

ಆಲ್ಟ್‌ಫೆಲ್ಡ್
ಮಾರ್ಚ್ ೧೮, ೨೦೧೮

ಪ್ರೀತಿಯ ಮಾರ್ಲಿಸ್,

ಒಂದು ಎಡವಟ್ಟಾಗಿದೆ. ನಾನು ನೋಡಬೇಕಾಗಿದ್ದ ಪುಟವನ್ನು ಊರೆಲ್ಲ ನೋಡಿದೆ.

ನೆಟ್ಟಿ ಟ್ಯಾಬ್ಲೆಟ್ ತೆರೆದಳು. ಇಬ್ಬರೂ ನೋಡಿದೆವು. ಫೋಟೋ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ನಾನು ಯೋಚನೆ ಮಾಡುತ್ತೇನೆಂದು ಮನೆಗೆ ಬಂದೆ. ಅವಳು ಯೋಚನೆ ಮಾಡಲಿಲ್ಲ. ಯಾರೂ ತನಗಿಂತ ಮೊದಲು ಕೊಡಬಾರದೆಂದು ಅವತ್ತೇ ತಿಮಿಂಗಿಲದ ದೋಣಿ ಕೊಂಡುಬಿಟ್ಟಳು. ಕೊಂಡು ವಿಳಾಸವನ್ನು ಹೊಲಿಗೆ ಕೂಟದವರಿಗೆಲ್ಲ ಫೋನ್ ಮಾಡಿ ಹಂಚಿದಳು.

ಹೋದ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕೌದಿ ಹೊಲಿಯುತ್ತ ಕೂತಿದ್ದಾಗ ನೆಟ್ಟಿ, “ನಾನಂತೂ ದೋಣಿ ಕೊಟ್ಟಾಯ್ತಪ್ಪ” ಎಂದಳು.

ಹೆಲೆನ್ ಸೂಜಿ ನಿಲ್ಲಿಸಿದಳು. “ಯಾವ ದೋಣಿ?”

“ತಿಮಿಂಗಿಲದ್ದು.”

“ಅದು ನಾನು ಕೊಟ್ಟಿದ್ದು.”

“ನೀನು ಹೆಂಗೆ ಕೊಡ್ತೀಯ? ನಾನು ಸೋಮವಾರವೇ ಕೊಟ್ಟಿದೀನಿ.”

“ನಾನು ಮಂಗಳವಾರ. ಅಲ್ಲೇ ಇತ್ತಲ್ಲ, ಮಾರಾಟಕ್ಕೆ.”

ಮೂಲೆಯಿಂದ ಆನಾ ಪ್ಲೆಟ್, “ನಂದೂ ದೋಣೀನೇ” ಎಂದಳು.

ಹೆಲೆನ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳು, “ಒಂದೇ ಹಸೂನ ಮೂರು ಜನಕ್ಕೆ ಮಾರೋರನ್ನ ನಮ್ಮಪ್ಪ ಏನಂತ ಕರೀತಿದ್ರು ಗೊತ್ತಾ?” ನೆಟ್ಟಿ ನನ್ನ ಕಡೆ ನೋಡಿ, “ಜಸ್ಟೀನಾ, ನಿನ್ನ ಅಳಿಯ ಏನು ಕೆಲಸ ಮಾಡ್ತಾನೆ ಅಂದೆ?” ಎಂದು ಕೇಳಿದಳು. ಅವನು ಅಂಗಡಿಗಳ ಫ್ರಿಜ್ ರಿಪೇರಿ ಮಾಡುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಒಂದೇ ವಸ್ತು ಎರಡು ಸಲ ಬರದ ಹಾಗೆ ನೋಡಿಕೊಳ್ಳುವುದು ಹುಡುಗಿಯ ತಾಯಿಯ ಕೆಲಸ. ಯಾರು ಏನು ಕೊಡುತ್ತಾರೆ ಎಂದು ಎಲ್ಲರೂ ನನಗೆ ಬಂದು ಹೇಳುತ್ತಾರೆ. ಇಲ್ಲಿ ನಾನು ಏನು ನೋಡಿಕೊಳ್ಳಲಿ? ನಾನು ನಿನ್ನ ಪರವಾಗಿ, ಏನೋ ತಪ್ಪಾಗಿರಬೇಕು ಎಂದೆ. ಆದರೆ ಮನೆಗೆ ಬಂದ ಮೇಲೆ ನನಗೂ ಅನುಮಾನ ಹೋಗಲಿಲ್ಲ. ಆ ದುಡ್ಡು ದೋಣಿಯವನಿಗೆ ಹೋಗುತ್ತದೋ ನೀಲ್‌ಗೆ ಹೋಗುತ್ತದೋ?

ಕ್ರಿಸ್‌ಮಸ್‌ಗೆ ಅವನು ನಮ್ಮ ಮನೆಗೆ ಬಂದಾಗ ನೂಡಲ್ಸ್ ಬಡಿಸಿದೆ. ಚಮಚ ಬಾಯಿಗೆ ಹೋಗುವ ಮೊದಲೇ ‘ತುಂಬ ರುಚಿಯಾಗಿದೆ’ ಎಂದ. ಇದನ್ನು ನಿನಗೆ ಹೇಳಬಾರದೆಂದಿದ್ದೆ.

ಅಮ್ಮ

*

ಎಡ್ಮಂಟನ್
ಏಪ್ರಿಲ್ ೨, ೨೦೧೮

ಅಮ್ಮ,

ನೀಲ್ ಪುಟದಲ್ಲಿ ದೋಣಿಯನ್ನು ಎಂಟು ಪಾಲು ಮಾಡಿ ಹಾಕಿದ್ದಾನೆ. ಒಬ್ಬರಿಗೇ ಭಾರವಾಗಬಾರದೆಂದು. ನೆಟ್ಟಿ ಕೊಂಡದ್ದು ಒಂದು ಪಾಲು, ಹೆಲೆನ್ ಇನ್ನೊಂದು, ಆನಾ ಮತ್ತೊಂದು. ಇನ್ನೂ ಐದು ಬಾಕಿ ಇವೆ. ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ. ದಯವಿಟ್ಟು ಬುಧವಾರ ಇದನ್ನು ಎದ್ದು ನಿಂತು ಹೇಳು.

ದುಡ್ಡು ದೋಣಿಯವನಿಗೆ ಹೋಗುವುದಿಲ್ಲ. ಪುಟ ನಡೆಸುವವರ ಹತ್ತಿರ ಇರುತ್ತದೆ, ನಾವು ಕೇಳಿದಾಗ ಖಾತೆಗೆ ಬರುತ್ತದೆ. ಯಾರ ಖಾತೆ ಎಂದು ನೀನು ಕೇಳುತ್ತೀಯ. ನಾನೂ ಕೇಳಿದೆ. ನೀಲ್‌ನದು. “ಪುಟ ಮಾಡಿದ್ದು ನಾನಲ್ವಾ, ಅದು ಒಂದೇ ಹೆಸರು ತಗೊಳತ್ತೆ” ಎಂದ. ಅದು ನಿಜ, ನಾನು ನೋಡಿದೆ.

ಈಗ ನಾವು ತೀರ್ಮಾನಿಸುವ ಮೊದಲೇ ಊರು ತೀರ್ಮಾನಿಸಿದಂತಾಗಿದೆ. ಪುಟ ತೆಗೆದರೆ ಅನುಮಾನ ನಿಜವಾಯಿತು ಅನ್ನುತ್ತಾರೆ. ಇಟ್ಟರೆ ಅನುಮಾನ ಪಡುತ್ತಲೇ ಇರುತ್ತಾರೆ. ನೀಲ್, ಇರಲಿ ಬಿಡು ಅನ್ನುತ್ತಾನೆ.

ನೂಡಲ್ಸ್ ವಿಷಯ ಓದಿದೆ.

ಮಾರ್ಲಿಸ್

*

ಆಲ್ಟ್‌ಫೆಲ್ಡ್
ಏಪ್ರಿಲ್ ೨೨, ೨೦೧೮

ಪ್ರೀತಿಯ ಮಾರ್ಲಿಸ್,

ಬುಧವಾರ ಎದ್ದು ನಿಂತು ಹೇಳಿದೆ. ಹೆಲೆನ್‌ಗೆ ಸಮಾಧಾನವಾಯಿತು. “ಎಂಟನೇ ಒಂದು ಪಾಲಿಗೆ ನಂಗೆ ಬರೋದು ಬಾಲಾನಾ ತಲೇನಾ?” ಎಂದು ಆನಾ ಕೇಳಿದಳು, ಎಲ್ಲರೂ ನಕ್ಕರು. ನಿನ್ನ ಹೆಸರು ಉಳಿಯಿತು. ಇಲ್ಲಿಗೇ ನಿಲ್ಲಿಸಬಹುದಿತ್ತು.

ನೆಟ್ಟಿಯ ತಂಗಿಯ ಮಗಳು ಎಲ್ವಿರಾ ಬ್ರ್ಯಾಂಡನ್ನಿನಲ್ಲಿ ಔಷಧದ ಅಂಗಡಿಯಲ್ಲಿದ್ದಾಳೆ. ಈಸ್ಟರ್‌ಗೆ ಬಂದಿದ್ದಳು. ನೆಟ್ಟಿ ನಿನ್ನ ಪುಟವನ್ನು ಅವಳಿಗೂ ತೋರಿಸಿದಳು. ಎಲ್ವಿರಾ ಎರಡು ಸಲ ಓದಿ, “ದೊಡ್ಡಮ್ಮ, ಈ ದೋಣಿಗೆ ನಾನು ಒಂದು ಸಲ ದುಡ್ಡು ಕೊಟ್ಟಿದೀನಿ” ಎಂದಳಂತೆ.

ನಾಲ್ಕು ವರ್ಷದ ಹಿಂದೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಡೆನಿಸ್ ಎಂಬವಳ ಮದುವೆ ಗೊತ್ತಾಗಿತ್ತು. ಹುಡುಗನ ಹೆಸರು ನೀಲ್. ಮದುವೆಗೆ ಮೂರು ವಾರ ಇರುವಾಗ ಅದು ನಿಂತುಹೋಯಿತು, ಯಾಕೆಂದು ಎಲ್ವಿರಾಗೆ ಗೊತ್ತಿಲ್ಲ. ಆ ಪುಟದಲ್ಲೂ ಇದೇ ಮರದ ಮನೆ, ಇದೇ ದೋಣಿ, ಇದೇ ಏಡಿ. ದೋಣಿಯ ಕೆಳಗೆ ಬರೆದ ‘ಬೆಳಗಿನ ಮಂಜಿನಲ್ಲಿ ಅವು ಉಸಿರು ಬಿಡುವುದನ್ನು ಕೇಳಲು’ ಎಂಬ ಮಾತೂ ಇದೇ. ಆ ಮಾತು ಚೆನ್ನಾಗಿದೆ ಅನ್ನಿಸಿ ಕೊಟ್ಟಿದ್ದಳಂತೆ, ಅದಕ್ಕೇ ನೆನಪಿತ್ತು. ಕೊಟ್ಟದ್ದು ಅವಳಿಗೆ ವಾಪಸ್ ಬರಲಿಲ್ಲ.

ಆನಾಳ ಮಗಳ ಮದುವೆ ಮುರಿದಾಗ ಆನಾ ಗಾಡಿಯಲ್ಲಿ ಎಲ್ಲ ಕಟ್ಟುಗಳನ್ನೂ ತುಂಬಿಕೊಂಡು, ಕಾಗದವನ್ನೂ ಬಿಚ್ಚದೆ, ಮನೆಮನೆಗೆ ಹೋಗಿ ಕೊಟ್ಟು ಬಂದಳು. ನಮ್ಮ ಬಾಗಿಲಿಗೂ ಬಂದಿದ್ದಳು. ನಿನಗಾಗ ಹನ್ನೊಂದು ವರ್ಷ. ಹಾಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ನಾಲ್ಕು ದಿನ ಈ ಕಾಗದ ಬರೆಯಲೋ ಬೇಡವೋ ಎಂದು ನೋಡಿದೆ. ಬೇರೆ ಯಾವನೋ ನೀಲ್ ಇರಬಹುದು. ನೀನು ಅವನನ್ನು ಕೇಳಬಹುದು, ಕೇಳದೆಯೂ ಇರಬಹುದು. ನೆಟ್ಟಿಗೆ ಬಾಯಿ ಮುಚ್ಚಿಕೊಂಡಿರು ಎಂದಿದ್ದೇನೆ. ಅವಳು ಹೂಂ ಎಂದಿದ್ದಾಳೆ.

ಅಮ್ಮ

*

ಎಡ್ಮಂಟನ್
ಮೇ ೨೦, ೨೦೧೮

ಅಮ್ಮ,

ನಿನ್ನ ಎರಡು ಕಾರ್ಡುಗಳು ಬಂದವು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ.

ನಾನು ಅವನನ್ನು ಕೂಡಲೇ ಕೇಳಲಿಲ್ಲ. ಡೆನಿಸ್ ಹೆಸರು ನನಗೆ ಗೊತ್ತಿತ್ತು. ಒಬ್ಬಳಿದ್ದಳು, ಕೂಡಿಬರಲಿಲ್ಲ ಎಂದಿದ್ದ. ಮದುವೆಗೆ ಮೂರು ವಾರವಿತ್ತು ಎಂದು ಹೇಳಿರಲಿಲ್ಲ. ಕೇಳುವ ಬದಲು ನಾನು ಅವನನ್ನು ಪರೀಕ್ಷೆ ಮಾಡಿದೆ. ಊಟ ಮಾಡುವಾಗ, “ಅಲ್ಲಿ ನೀರು ತುಂಬ ತಣ್ಣಗಿರತ್ತಾ?” ಎಂದೆ. ಅವನು ಆಲೂಗಡ್ಡೆ ಕತ್ತರಿಸುತ್ತಲೇ, “ಫೋಟೋ ನೋಡಿದ್ರೆ ಹಂಗನ್ಸತ್ತೆ” ಎಂದ. ಎಷ್ಟು ಸಲೀಸಾಗಿ ಹೇಳಿದನೆಂದರೆ, ಬೇರೆ ಯಾವನೋ ನೀಲ್ ಇರಬಹುದು ಎಂಬ ನಿನ್ನ ಮಾತನ್ನು ನಾನು ಒಂದು ವಾರ ನಂಬಿದೆ.

ಆಮೇಲೆ ಅವನು ಕೆಲಸದ ಮೇಲೆ ಹೋಗಿದ್ದಾಗ ಆ ಮರದ ಮನೆಗಳ ಒಡತಿಗೆ ಫೋನ್ ಮಾಡಿದೆ. ಜುಲೈನಲ್ಲಿ ಸೋರ್ಲಿ ಎಂಬ ಹೆಸರಿಗೆ ಮನೆ ಬೇಕಿತ್ತು ಎಂದೆ.

“ಸೋರ್ಲಿನಾ? ನೀಲ್ ಸೋರ್ಲಿ? ತಲೆನೋವಿನ ಹೆಂಡತಿ ಇದ್ರಲ್ಲ, ಅವರಾ?” ಎಂದಳು. “ಪಾಪ, ವಾರವಿಡೀ ಹೊರಗೇ ಬರ್ಲಿಲ್ಲ. ಅವರೇ ದಿನಾ ರಾತ್ರಿ ತಟ್ಟೇಲಿ ಊಟ ತಗೊಂಡು ಹೋಗೋರು, ಮೇಲೊಂದು ಬಟ್ಟೆ ಮುಚ್ಚಿ. ಈಗ ಹೆಂಗಿದಾರೆ ಅವರು?”

ನಾನು, “ಈಗ ವಾಸಿಯಾಗಿದೆ” ಎಂದುಬಿಟ್ಟೆ.

ಅಮ್ಮ, ಅದು ಯಾಕೆ ನನ್ನ ಬಾಯಿಂದ ಬಂತೋ ಗೊತ್ತಿಲ್ಲ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಅವನು ಬಂದ ಮೇಲೆ ಕೇಳಿದೆ. ಅವನು ಕೋಟನ್ನೂ ತೆಗೆಯದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಡೆನಿಸ್ ಬೇಡವೆಂದಳು. ಉಡುಗೊರೆಯ ದುಡ್ಡು ಆಗಲೇ ಅವನ ಖಾತೆಗೆ ಬಂದಿತ್ತು. ಕೊಟ್ಟವರನ್ನು ಎದುರಿಸಲು ಮುಖವಿರಲಿಲ್ಲ. ಮನೆ, ದೋಣಿ ಎಲ್ಲ ಗೊತ್ತು ಮಾಡಿಯಾಗಿತ್ತು, ಒಬ್ಬನೇ ಹೋದ. ಮೊದಲ ದಿನ ಒಡತಿ ಹೆಂಡತಿ ಎಲ್ಲಿ ಎಂದಾಗ ತಲೆನೋವು ಎಂದ. ಆಮೇಲೆ ದಿನವೂ ತಲೆನೋವು ಮುಂದುವರಿಸಬೇಕಾಯಿತು. ತಂದ ಊಟವನ್ನು ಅವನೇ ತಿನ್ನುತ್ತಿದ್ದ. ದೋಣಿಯಲ್ಲಿ ಪಕ್ಕದ ಜಾಗ ಖಾಲಿ ಇತ್ತು.

ನನಗೆ ಅಯ್ಯೋ ಅನ್ನಿಸಿತು. ಎರಡು ದಿನ ಬರೀ ಅಯ್ಯೋ ಅನ್ನಿಸಿತು. ಮೂರನೆಯ ದಿನ ಬೆಳಿಗ್ಗೆ ಅವನು ಯಾರಿಗೋ ಫೋನಿನಲ್ಲಿ, “ಹೌದು ಸಾರ್, ನಿನ್ನೇನೇ ಹೊರಟಿದೆ ಆ ಸಾಮಾನು” ಅನ್ನುತ್ತಿದ್ದ. ಹೊರಟಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲಾಗಿದ್ದರೆ ಅದು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

ಇದನ್ನು ಯಾರಿಗೂ ಹೇಳಬೇಡ.

ಮಾರ್ಲಿಸ್

*

ಆಲ್ಟ್‌ಫೆಲ್ಡ್
ಜೂನ್ ೩, ೨೦೧೮

ಪ್ರೀತಿಯ ಮಾರ್ಲಿಸ್,

ಯಾರಿಗೂ ಹೇಳಲಿಲ್ಲ. ಆದರೂ ಎಲ್ಲರಿಗೂ ಗೊತ್ತಾಗಿದೆ. ಹೇಗೆಂದು ಬರೆಯುತ್ತೇನೆ.

ಎಂಟು ದಿನದ ಹಿಂದೆ, ಶನಿವಾರ ಮಧ್ಯಾಹ್ನ, ನೀಲ್ ಬಂದಿದ್ದ. ನೀನು ಕಳಿಸಿದ್ದಲ್ಲ ಎಂದ, ವಿನಿಪೆಗ್‌ನಲ್ಲಿ ಕೆಲಸವಿತ್ತಂತೆ. ನಾನು ಬನ್ನು, ಜಾಮು, ಕಾಫಿ ಇಟ್ಟೆ. ಅವನು ತಿನ್ನಲಿಲ್ಲ. ಮೆಲ್ಲಗೆ ಏನೋ ಹೇಳತೊಡಗಿದ.

“ಜೋರಾಗಿ ಹೇಳು, ನಂಗೆ ಕೇಳ್ಸಲ್ಲ” ಎಂದೆ.

“ನಿಮಗೆ ಎಲ್ಲ ಗೊತ್ತಾಗಿದೆ ಅಂತ ಗೊತ್ತು, ಮಿಸೆಸ್ ಕೇಲರ್.”

“ಏನು?”

“ಗೊತ್ತಾಗಿದೆ ಅಂತ ಗೊತ್ತು. ನಾನು ಒಬ್ನೇ ಹೋಗಿದ್ದೆ ಅಂತ.”

“ಎಲ್ಲಿಗೆ?”

ನನಗೆ ಗೊತ್ತಿತ್ತು. ಆದರೂ ಅವನ ಬಾಯಿಂದ ಕೇಳಬೇಕಿತ್ತು. ಅವನು ನಿಂತುಕೊಂಡು, “ಮಧುಚಂದ್ರಕ್ಕೆ. ಒಬ್ನೇ” ಎಂದು ಕೂಗಿದ. ಈ ಹಿರಿಯರ ವಸತಿಯಲ್ಲಿ ಗೋಡೆಗಳು ರಟ್ಟಿನಷ್ಟೇ ದಪ್ಪ. ಆ ಕಡೆ ನನಗೂ ಕೇಳುವಷ್ಟು ಜೋರಾಗಿದ್ದ ನೆಟ್ಟಿಯ ಟಿ.ವಿ. ತಟ್ಟನೆ ನಿಂತಿತು.

ಅವನಿಗೂ ಅದು ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ, ಕೂಗುತ್ತಲೇ ಎಲ್ಲ ಹೇಳಿದ. ನೀನು ಬರೆದದ್ದಕ್ಕೂ ಅವನು ಹೇಳಿದ್ದಕ್ಕೂ ವ್ಯತ್ಯಾಸವಿದೆಯೇ ಎಂದು ನಾನು ಹೋಲಿಸಿ ನೋಡುತ್ತಿದ್ದೆ. ಇರಲಿಲ್ಲ. ತಟ್ಟೆ, ಬಟ್ಟೆ, ದೋಣಿ, ಎಲ್ಲ ಸರಿಯಾಗಿತ್ತು.

ಎರಡು ಪ್ರಶ್ನೆ ಕೇಳಿದೆ. “ಆ ಜನರಿಗೆ ದುಡ್ಡು ವಾಪಸ್ ಕೊಟ್ಯಾ?”

“ಇಲ್ಲ.”

“ಮತ್ತೆ ಅದೇ ಜಾಗಕ್ಕೆ ಇವಳನ್ನ ಯಾಕೆ ಕರ್ಕೊಂಡು ಹೋಗ್ತೀಯ? ಬೇರೆ ಕಡಲಿಲ್ವಾ?”

ಇದಕ್ಕೆ ಮಾತ್ರ ಅವನು ಮತ್ತೆ ಮೆಲ್ಲಗೆ ಉತ್ತರ ಹೇಳಿದ, ಆದರೆ ತುಟಿ ನೋಡಿ ನನಗೆ ತಿಳಿಯಿತು. “ಅವರಿಗೆ ತೋರಿಸ್ಬೇಕಿತ್ತು” ಎಂದ. “ಆ ಒಡತಿಗೆ, ದೋಣಿಯವನಿಗೆ. ನಿಜವಾಗ್ಲೂ ಹೆಂಡತಿ ಇದಾಳೆ ಅಂತ.”

ಮಾರ್ಲಿಸ್, ಇದನ್ನು ಅವನು ನಿನಗೆ ಹೇಳಿದ್ದಾನೋ ಇಲ್ಲವೋ ಗೊತ್ತಿಲ್ಲ. ನಿನ್ನ ಕಾಗದದಲ್ಲಿ ಇರಲಿಲ್ಲ.

ಇದರ ಅರ್ಥವನ್ನು ನಾನು ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಆ ಊರಿನವರ ಕಣ್ಣಿಗೆ ನೀನು ಮಾರ್ಲಿಸ್ ಆಗಿರುವುದಿಲ್ಲ. ಹಿಂದೆ ಕೋಣೆಯಲ್ಲಿ ಮಲಗಿದ್ದವಳು ಈಗ ಎದ್ದು ಬಂದ ಹಾಗೆ ಆಗುತ್ತದೆ. ನಿನ್ನ ಜೊತೆ ಮಾತಾಡುವವರೆಲ್ಲ ತಲೆನೋವು ಹೇಗಿದೆ ಎಂದು ಕೇಳುತ್ತಾರೆ. ಅದಕ್ಕೆ ನೀನು ಒಂದು ಸಲ ಆಗಲೇ ಉತ್ತರ ಕೊಟ್ಟಿದ್ದೀಯ.

ಅವನು ಕೆಟ್ಟವನು ಎಂದು ನನಗೆ ಅನ್ನಿಸಲಿಲ್ಲ. ನಂಬಬಹುದು ಎಂದೂ ಅನ್ನಿಸಲಿಲ್ಲ. ಬಾಗಿಲ ಹತ್ತಿರ, “ನೀವು ಮದುವೆ ಬೇಡ ಅಂದ್ರೆ ಅವಳು ಕೇಳ್ತಾಳೆ” ಎಂದ. “ಅವಳು ಹತ್ತು ವರ್ಷದವಳಿದ್ದಾಗ್ಲೂ ನನ್ನ ಮಾತು ಕೇಳಿಲ್ಲ” ಎಂದೆ. ಆಗ ಸ್ವಲ್ಪ ನಕ್ಕ. ಹೋಗುವಾಗ ಒಂದು ಬನ್ನು ಕೈಗೆ ಕೊಟ್ಟೆ. ಕಾರಿನಲ್ಲಿ ಕೂತು ತಿಂದ, ಕಿಟಕಿಯಿಂದ ನೋಡಿದೆ.

ಚರ್ಚಿನ ದಿನ ಬಿಟ್ಟುಕೊಡುವುದಾದರೆ ಈ ತಿಂಗಳ ಕೊನೆಯೊಳಗೆ ಪಾದ್ರಿಗೆ ಹೇಳಬೇಕು. ಬಿಟ್ಟುಕೊಡು ಎಂದು ನಾನು ಹೇಳುತ್ತಿಲ್ಲ. ಇಟ್ಟುಕೋ ಎಂದೂ ಹೇಳುತ್ತಿಲ್ಲ. ಹೆಲೆನ್ ನಿನ್ನೆ ಬಂದು, ಅವನು ಒಬ್ಬನೇ ತಿಂದ ಏಡಿಯ ಬಗ್ಗೆ ಕೇಳಿದಳು. ನನ್ನ ಅಳಿಯನ ಊಟದ ವಿಚಾರ ನಿನಗ್ಯಾಕೆ ಎಂದೆ. ಅಳಿಯ ಅನ್ನುವ ಮಾತು ತಾನಾಗಿ ಬಂತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಅಮ್ಮ

*

ಎಡ್ಮಂಟನ್
ಜೂನ್ ೧೭, ೨೦೧೮

ಅಮ್ಮ,

ಅವನು ನನಗೆ ಅದನ್ನು ಹೇಳಿರಲಿಲ್ಲ. ನಿನ್ನ ಹತ್ತಿರ ಬಂದದ್ದನ್ನು ಹೇಳಿದ್ದ, ಕೂಗಿದ್ದನ್ನೂ ಹೇಳಿದ್ದ. “ನೆಟ್ಟಿಗೂ ಸೇರಿಸಿ ಹೇಳಿದ ಹಾಗಾಯ್ತು, ಒಂದು ಕೆಲಸ ಮುಗೀತು” ಎಂದಿದ್ದ. ಆ ಎರಡನೆಯ ಉತ್ತರವನ್ನು ಮಾತ್ರ ಬಿಟ್ಟಿದ್ದ. ನಿನ್ನ ಕಾಗದ ಓದಿದ ಮೇಲೆ ನಾನು ಅವನನ್ನು ಕೇಳಿಲ್ಲ. ಅವನು ಈಗ ಉತ್ತರದ ಕಡೆ ಕೆಲಸದಲ್ಲಿದ್ದಾನೆ, ಗುರುವಾರ ಬರುತ್ತಾನೆ.

ಒಂದು ವಾರ ನಾನು ಅವನ ಮೇಲೆ ಕಣ್ಣಿಟ್ಟಿದ್ದೆ. ಜೇಬಿನ ರಸೀದಿ ನೋಡಿದೆ. ಎಲ್ಲಿದ್ದೇನೆಂದು ಹೇಳಿದನೋ ಅಲ್ಲಿದ್ದಾನೋ ಎಂದು ಅಂಗಡಿಗೆ ಫೋನ್ ಮಾಡಿದೆ, ಅಲ್ಲೇ ಇದ್ದ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಅಂಗಡಿಗೂ ಮಾಡಬೇಕು ಅನ್ನಿಸಿತು. ನಾನು ಕೆಲಸ ಮಾಡುವ ಲೈಸೆನ್ಸ್ ಕಚೇರಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರು ಅಕ್ಷರ ಓದುತ್ತಿದ್ದರೆ, ಇವರು ಕಂಠಪಾಠ ಮಾಡಿಕೊಂಡು ಬಂದಿರಬಹುದೇ ಎಂದು ಯೋಚಿಸುತ್ತಿದ್ದೆ. ಹೀಗೆ ಬದುಕುವುದು ನನ್ನಿಂದಾಗದು. ಅವನನ್ನು ಬಿಟ್ಟರೂ ಈ ಅನುಮಾನ ನನ್ನನ್ನು ಬಿಡುತ್ತದೆ ಎಂಬ ಧೈರ್ಯ ಇಲ್ಲ.

ನಿರ್ಧಾರ ಮಾಡಿದ್ದೇನೆ. ಬರೆದಿಡುತ್ತೇನೆ, ನೀನೂ ಇಟ್ಟುಕೋ.

ಪುಟ ತೆಗೆಯುತ್ತೇನೆ. ಕೊಟ್ಟವರಿಗೆಲ್ಲ ಅವರವರ ದುಡ್ಡು ವಾಪಸ್ ಹೋಗುತ್ತದೆ. ನೆಟ್ಟಿ, ಹೆಲೆನ್, ಆನಾ ಅವರಿಗೆ ನಾನೇ ಬರೆಯುತ್ತೇನೆ, ನೀನು ಎದ್ದು ನಿಲ್ಲಬೇಕಾಗಿಲ್ಲ. ಯಾರಾದರೂ ಸಾಮಾನು ಕೊಡಲೇಬೇಕೆಂದರೆ ಕೊಡಲಿ. ಬಾಲ್ಕನಿ ಇದೆ. ಆ ದ್ವೀಪಕ್ಕೆ ನಾನು ಹೋಗುವುದಿಲ್ಲ. ಕಡಲು ನೋಡುವುದಾದರೆ ನಮ್ಮ ದುಡ್ಡಿನಲ್ಲಿ, ನಮ್ಮನ್ನು ಯಾರೂ ಅರಿಯದ ದಂಡೆಗೆ.

ಮದುವೆಗೆ ಮೊದಲು ಅವನು ಬ್ರ್ಯಾಂಡನ್‌ಗೆ ಹೋಗಿ, ಆವತ್ತು ಕೊಟ್ಟಿದ್ದ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಅವರದ್ದನ್ನು ಅವರಿಗೆ ಕೊಟ್ಟು ಬರಬೇಕು. ಅಂಚೆಯಲ್ಲಿ ಅಲ್ಲ, ಕೈಯಿಂದ. ನಾನು ಜೊತೆಗೆ ಹೋಗುವುದಿಲ್ಲ. ಆಗುವುದಿಲ್ಲ ಎಂದರೆ ಅವತ್ತೇ ಪಾದ್ರಿಗೆ ನಾನು ಫೋನ್ ಮಾಡುತ್ತೇನೆ. ಹೋಗಿ ಬಂದೆ ಎಂದರೆ ಜುಲೈ ಹದಿನಾಲ್ಕಕ್ಕೆ ಮದುವೆ.

ಅವನು ಹೋಗದೆಯೇ ಹೋಗಿ ಬಂದೆ ಎಂದು ಹೇಳಬಲ್ಲ. ಅದನ್ನು ಯೋಚಿಸದೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಯಾರ ಅಡುಗೆಮನೆಯಲ್ಲಿ ಕೂತೆ, ಯಾರ ನಾಯಿ ಬೊಗಳಿತು, ಎಲ್ಲವನ್ನೂ ಸೇರಿಸಿ ಹೇಳಬಲ್ಲ. ಒಂದು ಫೋನ್ ಮಾಡಿದರೆ ನನಗೆ ಗೊತ್ತಾಗುತ್ತದೆ. ಆ ಫೋನ್ ಮಾಡುವುದಿಲ್ಲ ಎಂಬುದೇ ನನ್ನ ನಿರ್ಧಾರ. ಅವನು ಏನು ಹೇಳುತ್ತಾನೋ ಅದನ್ನು ತೆಗೆದುಕೊಳ್ಳುತ್ತೇನೆ.

ಪುಟ ಈ ಹೊತ್ತಿಗೂ ಹಾಗೇ ಇದೆ. ನಿನ್ನೆ ಇನ್ನೊಬ್ಬರು ಒಂದು ಪಾಲು ಕೊಂಡಿದ್ದಾರೆ. ಇದರಲ್ಲಿ ಒಂದನ್ನೂ ನಾನು ಇನ್ನೂ ಅವನಿಗೆ ಹೇಳಿಲ್ಲ. ಗುರುವಾರ ಅವನು ಬಂದು ಕೋಟು ತೆಗೆದ ಮೇಲೆ ಹೇಳುತ್ತೇನೆ.

ನಿನ್ನಿಂದ ಬೇಕಾದದ್ದು ಒಂದೇ. ಅವನು ಬಾಗಿಲಿಗೆ ಬಂದನೋ ಇಲ್ಲವೋ ಎಂದು ಎಲ್ವಿರಾಳನ್ನು ಕೇಳಬೇಡ. ಅವಳು ನೆಟ್ಟಿಗೆ ಹೇಳಿ, ನೆಟ್ಟಿ ನಿನಗೆ ಹೇಳಿದರೆ, ಹೌದೆಂದಾಗಲಿ ಇಲ್ಲವೆಂದಾಗಲಿ ನನಗೆ ಬರೆಯಬೇಡ.

ಮಾರ್ಲಿಸ್